ವಿದ್ಯುತ್ ಪೆಟ್ಟಿಗೆಯ ಖಾಲಿ ತೆರಪು

ಸುಬ್ರಹ್ಮಣ್ಯ ಕ್ಷೇತ್ರದ ತೆಂಕಣಕ್ಕೆ, ಪಶ್ಚಿಮ ಘಟ್ಟದ ಅಡಿಯನ್ನು ಅಪ್ಪಿಕೊಂಡಂತೆ ಕೊಲ್ಲಮೊಗ್ರು ಎಂಬ ಗ್ರಾಮವಿದೆ. ಸುಳ್ಯ ತಾಲೂಕಿನ ಈ ಮೂಲೆಯಲ್ಲಿ ನಿಂತು ಮೂಡಣಕ್ಕೆ ಕಣ್ಣೆತ್ತಿದರೆ ಕೊಡಗಿನ ಗಡಿಯ ಕಾಡುಬೆಟ್ಟಗಳೇ ಅಡ್ಡವಾಗಿ ನಿಲ್ಲುವುವು. ಬೆಟ್ಟದ ನೀರು ತೋಡಾಗಿ ಇಳಿದು ಅಡಕೆಯ ತೋಟಗಳನ್ನು ಹಾಯ್ದು ಹೊಳೆಯನ್ನು ಸೇರುವುದು. ತೋಟದ ತಲೆಗೊಂದು ಹಂಚಿನ ಮನೆ. ಮನೆಯ ಜಗಲಿಯ ಗೋಡೆಯಲ್ಲೊಂದು ಮೀಟರು. ಅದರ ಪಕ್ಕದಲ್ಲಿ ಅಂಗೈಯೆರಡನ್ನು ಜೋಡಿಸಿದಷ್ಟು ಅಗಲದ ಒಂದು ಪೆಟ್ಟಿಗೆ. ಇದಕ್ಕೆ ಕೆಲಸಗಾರರು ಡಿ.ಬಿ. ಎನ್ನುವರು. ಇತ್ತಲಾಗಿ ಕಟ್ಟಿದ ಮನೆಗಳಲ್ಲಿ ಈ ಪೆಟ್ಟಿಗೆಯ ಬಾಗಿಲನ್ನು ತೆರೆದರೆ ಎಂ.ಸಿ.ಬಿ. ಎಂಬ ಪುಟ್ಟ ಗುಂಡಿಗಳು ಸಾಲಾಗಿ ಕುಳಿತಿರುವುದೂ, ಸಾಲಿನ ಕೊನೆಯಲ್ಲಿ ಎರಡು ಮೂರು ತೆರಪುಗಳು ಬರಿದಾಗಿ ಉಳಿದಿರುವುದೂ ಕಾಣುವುದು.

ಆ ತೆರಪನ್ನು ಕಂಡ ಗೃಹಸ್ಥನಿಗೆ ಅದೊಂದು ಅಪ್ಪಣೆಯಂತೆ ತೋರುವುದು ಸಹಜ. ಸ್ಥಳವಿದೆಯಲ್ಲ, ಇನ್ನೊಂದು ಎಂ.ಸಿ.ಬಿ.ಯನ್ನು ಕೂರಿಸಿ, ತಂತಿಯನ್ನೆಳೆದು, ಬಚ್ಚಲಿಗೆ ನೀರು ಕಾಯಿಸುವ ಯಂತ್ರವನ್ನು ತಂದರಾಯಿತು ಎಂದು ಅವನು ಎಣಿಸುತ್ತಾನೆ. ಆದರೆ ಸ್ಥಳವೆಂಬುದು ಬೇರೆ, ಶಕ್ತಿಯೆಂಬುದು ಬೇರೆ. ಈ ಭೇದವನ್ನು ಕನ್ನಡ ನಾಡು ತನ್ನ ವಿದ್ಯುತ್ತಿನ ಮೊದಲ ದಿನಗಳಲ್ಲಿಯೇ, ಬಹು ದೊಡ್ಡ ಪ್ರಮಾಣದಲ್ಲಿ, ಬಹು ದೊಡ್ಡ ವೆಚ್ಚದಲ್ಲಿ ಕಲಿಯಬೇಕಾಯಿತು.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭಗೊಂಡು, ಅವರು 1901ರಲ್ಲಿ ದಿವಂಗತರಾದ ಮೇಲೆ ಕೈಗೂಡಿದ ಶಿವನಸಮುದ್ರದ ಕಾರ್ಯವು ಸರ್ವವಿದಿತವಾದುದು. 1902ನೆಯ ಇಸವಿಯ ಜೂನ್ 30ರಂದು ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು 92 ಮೈಲು ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ತಂತಿಯ ಒತ್ತಡ ಮೂವತ್ತು ಸಾವಿರ ವೋಲ್ಟುಗಳಿಗೆ ಕಡಮೆಯಿಲ್ಲ. ಅಷ್ಟು ದೂರಕ್ಕೆ ಅಷ್ಟು ಶಕ್ತಿಯನ್ನು ಕಳುಹಿದ ಉದಾಹರಣೆ ಆಗಿನ ಏಷ್ಯಾದಲ್ಲಿ ಮತ್ತೊಂದಿರಲಿಲ್ಲ. ಬೆಂಗಳೂರಿನ ಬೀದಿಗೆ ಬೆಳಕು ಬಂದುದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಗಣಿಯ ಹಸಿವು ಮೊದಲು ತೀರಿತು, ಮನೆಯ ದೀಪವು ಆಮೇಲೆ ಹೊತ್ತಿತು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಗಣಿಯವರು ಇನ್ನಷ್ಟು ಶಕ್ತಿಯನ್ನು ಕೇಳಿದರು. ಯಂತ್ರಶಾಲೆಯನ್ನು ಹಂತಹಂತವಾಗಿ ಹಿಗ್ಗಿಸಲಾಯಿತು. ಇನ್ನೊಂದು ಯಂತ್ರಕ್ಕೆ ನೆಲವನ್ನು ಹದಮಾಡಿ, ಪೀಠವನ್ನು ಕಟ್ಟಿ, ಹೊರದೇಶದಿಂದ ಯಂತ್ರವನ್ನು ತರಿಸುವುದು ಕಷ್ಟವಾದರೂ ಅಸಾಧ್ಯವಾಗಿರಲಿಲ್ಲ. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು. ನೀರಿಲ್ಲದಿರುವಾಗ ಯಂತ್ರಗಳು ಆರಿದ್ದರೇನು, ಹನ್ನೆರಡಿದ್ದರೇನು? 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾಗುವುದಕ್ಕೆ ಮಂಡ್ಯದ ಗದ್ದೆಗಳ ನೀರಾವರಿಯಂತೆಯೇ ಶಿವನಸಮುದ್ರಕ್ಕೆ ವರ್ಷವಿಡೀ ತಪ್ಪದೆ ನೀರೊದಗಿಸಬೇಕೆಂಬುದೂ ಮುಖ್ಯ ಕಾರಣವಾಗಿದ್ದಿತು. ಆಗ ಮುಖ್ಯ ಇಂಜಿನಿಯರರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಯಂತ್ರಶಾಲೆಯ ಬರಿದಾದ ಪೀಠವನ್ನು ನೋಡಿ ಲೆಕ್ಕ ಹಾಕಲಿಲ್ಲ, ಅದರ ಹಿಂದಿನ ಹೊಳೆಯನ್ನು ನೋಡಿ ಹಾಕಿದರು. ಕೊಲ್ಲಮೊಗ್ರಿನ ಜಗಲಿಯ ಪೆಟ್ಟಿಗೆಗೂ ಇದೇ ಲೆಕ್ಕವು ಅನ್ವಯಿಸುವುದು, ಪ್ರಮಾಣವೊಂದೇ ವ್ಯತ್ಯಾಸ.

ಮೈಸೂರು ಹೀಗೆ ಬೆಳಗುತ್ತಿದ್ದಾಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಆ ಸರಕಾರದ ಜಲವಿದ್ಯುತ್ ಕೇಂದ್ರಗಳು ಎದ್ದುದು ನೀಲಗಿರಿಯ ಪೈಕಾರಾದಲ್ಲಿ 1932ರಲ್ಲಿ, ಮೆಟ್ಟೂರಿನಲ್ಲಿ 1937ರಲ್ಲಿ, ಪಾಪನಾಶಂನಲ್ಲಿ 1944ರಲ್ಲಿ. ಮೂರೂ ಈ ಕರಾವಳಿಗೆ ದೂರ. ಇಡೀ ಆಧಿಪತ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲೊಂದಾದ ಈ ಘಟ್ಟದಡಿಯು ನೀರಿನ ನಡುವೆಯೇ ಚಿಮಿಣಿ ದೀಪದಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿಯು ಸ್ಥಾಪಿತವಾಯಿತು. 1964ರಲ್ಲಿ ಶರಾವತಿಯ ಮೊದಲ ಯಂತ್ರವು ತಿರುಗಿದ ಮೇಲೆ ಹಂಚುವುದಕ್ಕೆ ಶಕ್ತಿಯೂ ಇದ್ದಿತು. ಆದರೂ ಕಂಬಗಳು ಪೇಟೆಯಿಂದ ಗ್ರಾಮಕ್ಕೆ, ಗ್ರಾಮದಿಂದ ಕಾಡಂಚಿನ ಒಂಟಿಮನೆಗೆ ನಡೆದುಕೊಂಡು ಬರಬೇಕಾದರೆ ದಶಕಗಳೇ ಹಿಡಿದುವು. ಒಂದು ಮನೆಗಾಗಿ ಹತ್ತು ಕಂಬ ನೆಡಬೇಕಾದ ಸೀಮೆಯಲ್ಲಿ ಮಂಡಳಿಯ ಲೆಕ್ಕಪತ್ರವು ಎಂದೂ ಸರಿಹೋಗುವುದಿಲ್ಲ.

ಬಡವರ ಮನೆಗೆ ಬಂದುದಂತೂ ಒಂದೇ ಒಂದು ದೀಪ. ಭಾಗ್ಯಜ್ಯೋತಿಯೆಂಬ ರಾಜ್ಯದ ಯೋಜನೆಯಲ್ಲಿಯೂ, 1988–89ರಲ್ಲಿ ಕೇಂದ್ರವು ಆರಂಭಿಸಿದ ಕುಟೀರಜ್ಯೋತಿಯಲ್ಲಿಯೂ ಕೊಟ್ಟುದು ಅಷ್ಟೆ. ಒಂದು ಹೋಲ್ಡರು, ಒಂದು ಸ್ವಿಚ್ಚು, ಒಂದು ಫ್ಯೂಸು. ಅಲ್ಲಿ ಪೆಟ್ಟಿಗೆಯೂ ಇರಲಿಲ್ಲ, ತೆರಪಿನ ಮಾತೂ ಇರಲಿಲ್ಲ. ಆ ಒಂದು ದೀಪದ ತಂತಿಗೇ ಮುಂದೆ ರೇಡಿಯೋ, ಫ್ಯಾನು, ಟೆಲಿವಿಷನ್ನು, ಮಿಕ್ಸಿಗಳು ಒಂದೊಂದಾಗಿ ಜೋತುಬಿದ್ದುವು. 2023ರಲ್ಲಿ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಗೃಹಬಳಕೆಯ ಶುಲ್ಕವನ್ನು ಬಿಟ್ಟುಕೊಟ್ಟಿತು. ಹಣದ ಹೊರೆ ಇಳಿಯಿತು. ತಂತಿಯ ಹೊರೆಯನ್ನು ಇಳಿಸುವ ಯೋಜನೆಯನ್ನು ಯಾರೂ ಮಾಡಲಾರರಷ್ಟೆ.

ಇನ್ನು ಪೆಟ್ಟಿಗೆಯ ಚರಿತ್ರೆ. ತಂತಿಯಲ್ಲಿ ಮಿತಿಮೀರಿ ವಿದ್ಯುತ್ತು ಹರಿದರೆ ತಂತಿಯು ಕಾದು ಮನೆಗೆ ಬೆಂಕಿ ಬೀಳುವುದೆಂಬುದನ್ನು ಈ ವಿದ್ಯೆಯ ಪ್ರವರ್ತಕರು ಮೊದಲೇ ಅರಿತಿದ್ದರು. ಎಡಿಸನ್ನನು 1880ರಷ್ಟು ಹಿಂದೆಯೇ ಕರಗುವ ತಂತಿಯ ರಕ್ಷೆಗೆ ಹಕ್ಕುಪತ್ರವನ್ನು ಕೋರಿದನು. ಮನೆಯ ತಂತಿಗಿಂತ ದುರ್ಬಲವಾದೊಂದು ತುಣುಕನ್ನು ಬೇಕೆಂದೇ ಹಾದಿಯಲ್ಲಿಟ್ಟು, ಕೇಡು ಬಂದಾಗ ಅದು ಮೊದಲು ಸಾಯುವಂತೆ ಮಾಡುವುದೇ ಇದರ ತತ್ತ್ವ. ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಸಾಗುವಾನಿಯ ಹಲಗೆಯೊಂದನ್ನು ಗೋಡೆಗೆ ಬಡಿದು, ಅದರ ಮೇಲೆ ಪಿಂಗಾಣಿಯ ಫ್ಯೂಸುಗಳನ್ನು ತಿರುಪಿನಿಂದ ಬಿಗಿಯುತ್ತಿದ್ದರು. ಮುಂದೆ ಕಿಟ್‌ಕ್ಯಾಟ್ ಎಂಬ ಹೆಸರಿನಿಂದ ಹಳ್ಳಿಹಳ್ಳಿಗೂ ಪರಿಚಿತವಾದುದು ಈ ಪಿಂಗಾಣಿಯ ಫ್ಯೂಸೇ. ಒಂದು ಕಾಲದಲ್ಲಿ ಫೇಸಿಗೊಂದು, ನ್ಯೂಟ್ರಲ್ಲಿಗೊಂದು ಎಂದು ಜೋಡಿಯಾಗಿ ಹಾಕುವುದೂ ಇದ್ದಿತು. ನ್ಯೂಟ್ರಲ್ಲಿನ ಫ್ಯೂಸು ಮಾತ್ರ ಕರಗಿದರೆ ದೀಪವು ಆರುವುದು, ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಹಾಗೆಯೇ ಉಳಿದು ಮುಟ್ಟಿದವನನ್ನು ಹಿಡಿಯುವುದು. 1956ರ ಭಾರತೀಯ ವಿದ್ಯುತ್ ನಿಯಮಗಳು ನ್ಯೂಟ್ರಲ್ಲಿನಲ್ಲಿ ಇಂತಹ ಫ್ಯೂಸನ್ನು ಇಡಕೂಡದೆಂದು ವಿಧಿಸಿದುದು ಈ ಕಾರಣದಿಂದಲೇ.

ಮರದ ಹಲಗೆಯ ಕಾಲದಲ್ಲಿ ತೆರಪೆಂಬ ಭಾವನೆಯೇ ಇರಲಿಲ್ಲವೆಂಬುದು ಗಮನಾರ್ಹ. ಇನ್ನೊಂದು ಫ್ಯೂಸು ಬೇಕಾದರೆ ಹಲಗೆಯ ಮೂಲೆಯಲ್ಲಿ ಇನ್ನೆರಡು ತೂತು ಕೊರೆದರಾಯಿತು. ಹಲಗೆ ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಹಲಗೆ. ಮಿತಿಯು ಕಣ್ಣಿಗೆ ಕಾಣುತ್ತಿರಲಿಲ್ಲ, ಆದುದರಿಂದ ಮನಸ್ಸಿಗೂ ಬರುತ್ತಿರಲಿಲ್ಲ. ಮತ್ತೆ ಮತ್ತೆ ಕರಗುವ ಫ್ಯೂಸಿನಿಂದ ಬೇಸತ್ತ ಯಜಮಾನನು ಸಣ್ಣ ತಂತಿಯ ಬದಲು ತಾಮ್ರದ ಎರಡು ಮೂರು ಎಳೆಗಳನ್ನು ಹೊಸೆದು ಕಟ್ಟಿ ಸಮಸ್ಯೆ ಬಗೆಹರಿಯಿತೆಂದು ನಿಶ್ಚಿಂತನಾಗುತ್ತಿದ್ದನು. ನಿಜವಾಗಿ ಆದುದೇನೆಂದರೆ, ಫ್ಯೂಸು ಸಾಯುವ ಬದಲು ಅಟ್ಟದ ಮೇಲಿನ ತಂತಿಯು ಸಾಯುವಂತೆ ಏರ್ಪಾಡಾಯಿತು. ಮರದ ತೊಲೆ, ಹಂಚಿನ ಮಾಡು, ಅಟ್ಟದಲ್ಲಿ ಒಣಗಿದ ಅಡಕೆ ತುಂಬಿದ ಗೋಣಿಗಳು. ಅಂತಹ ಮನೆಯಲ್ಲಿ ಅದರ ಪರಿಣಾಮವನ್ನು ಬಣ್ಣಿಸಬೇಕಾಗಿಲ್ಲ.

ಕರಗದೆ, ತಾನಾಗಿ ಬಿಡಿಸಿಕೊಂಡು, ಮತ್ತೆ ಕೈಯಿಂದ ಏರಿಸಬಹುದಾದ ರಕ್ಷೆಯನ್ನು ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದಲ್ಲಿ ಹ್ಯೂಗೋ ಸ್ಟಾಟ್ಜ್‌ನ ಕಾರ್ಖಾನೆಯು 1924ರಲ್ಲಿ ರೂಪಿಸಿತು. ಇಂದಿನ ಎಂ.ಸಿ.ಬಿ.ಯು ಇದರ ಸಂತತಿ. ಇದರೊಳಗೆ ಕಾವಲುಗಾರರು ಇಬ್ಬರು. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಹೊರೆ ಹೆಚ್ಚಾದರೆ ಮೆಲ್ಲಮೆಲ್ಲನೆ ಕಾದು ಬಾಗಿ ಕೊಂಡಿಯನ್ನು ಕಳಚುವುದು. ಸುರುಳಿಯ ಅಯಸ್ಕಾಂತವು ತಂತಿಗೆ ತಂತಿ ತಗುಲಿದ ಕ್ಷಣದಲ್ಲಿಯೇ ಎಳೆದು ಬಿಡಿಸುವುದು. ನಮ್ಮ ಮನೆಗಳಲ್ಲಿ ಇದು ಹರಡಿದುದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ಒಂದೊಂದರ ಅಗಲವೂ ಸುಮಾರು 18 ಮಿಲಿಮೀಟರಿನ ಒಂದೇ ಅಳತೆ. ಕೂರುವ ಹಳಿಯ ಅಗಲವೂ 35 ಮಿಲಿಮೀಟರೆಂದು ನಿಶ್ಚಿತ. ಅಳತೆಯು ನಿಶ್ಚಿತವಾದುದರಿಂದ ಪೆಟ್ಟಿಗೆಗಳು ನಾಲ್ಕು, ಆರು, ಎಂಟು, ಹನ್ನೆರಡು ಸ್ಥಾನಗಳ ಲೆಕ್ಕದಲ್ಲಿ ಅಂಗಡಿಗೆ ಬಂದುವು. ಏಳು ಸ್ಥಾನ ಬೇಕಾದವನು ಎಂಟರದನ್ನು ಕೊಂಡನು. ಹೀಗೆ ಖಾಲಿ ತೆರಪು ಹುಟ್ಟಿತು.

ಅದು ಕೇವಲ ಅಂಗಡಿಯ ಲೆಕ್ಕದ ಉಳಿಕೆಯೂ ಅಲ್ಲ. ಹಂಚಿಕೆಯ ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಅದೇ ಶಕ್ತಿಯ ಒಂದು ಸಾಲಾದರೂ ಬಿಡಿಯಾಗಿ ಉಳಿದಿರಬೇಕೆಂದು 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳಿದೆ. ಎಂದಮೇಲೆ ತೆರಪನ್ನು ತುಂಬುವುದು ತಪ್ಪಲ್ಲ. ಅದಿರುವುದೇ ಮುಂದಿನ ಅಗತ್ಯಕ್ಕಾಗಿ. ಹೇಗೆ ತುಂಬಬೇಕೆಂಬುದರಲ್ಲಿ ಮಾತ್ರ ವಿವೇಕ ಬೇಕು.

ಎಂ.ಸಿ.ಬಿ.ಯು ಕಾಯುವುದು ಯಂತ್ರವನ್ನಲ್ಲ, ತಂತಿಯನ್ನು. ಇದೊಂದನ್ನು ಮರೆತುದರಿಂದ ಆಗುವ ಅನರ್ಥಗಳೇ ಹೆಚ್ಚು. ದೀಪ ಫ್ಯಾನುಗಳ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ 6 ಅಥವಾ 10 ಆಂಪಿಯರಿನದು ತಕ್ಕುದು; ನೀರು ಕಾಯಿಸುವ ಯಂತ್ರದಂತಹವಕ್ಕೆ 2.5ರಿಂದ 4 ಚದರ ಮಿಲಿಮೀಟರಿನ ತಂತಿಯನ್ನು ಪೆಟ್ಟಿಗೆಯಿಂದಲೇ ಬೇರೆಯಾಗಿ ಎಳೆದು 16 ಅಥವಾ 20 ಆಂಪಿಯರಿನದನ್ನು ಕೂರಿಸಬೇಕು. ಮೇಲಿಂದ ಮೇಲೆ ಬೀಳುತ್ತಿರುವ 10ರ ಗುಂಡಿಯನ್ನು ಕಿತ್ತು, ಅದೇ ತಂತಿಗೆ 20ರದನ್ನು ಹಾಕುವವನು ಹಳೆಯ ಕಾಲದ ತಾಮ್ರ ಹೊಸೆದ ಯಜಮಾನನ ಮೊಮ್ಮಗನೇ ಸರಿ. ತೆರಪಿರುವಾಗಲೂ ಹೊಸ ತಂತಿಯನ್ನು ತಂದು ಹಳೆಯ ಗುಂಡಿಯ ಬಾಯಿಗೇ ತುರುಕುವ ಸೋಮಾರಿತನವೂ ಇದೆ. ತಿರುಪು ಎರಡು ತಂತಿಗಳನ್ನು ಸಮನಾಗಿ ಹಿಡಿಯದೆ, ಸಡಿಲವಾದ ಕಡೆಯಲ್ಲಿ ಕಿಡಿ ಹುಟ್ಟುವುದು. ತೆರಪಿರುವುದು ಇಂತಹ ಗಂಟುಗಳನ್ನು ತಪ್ಪಿಸುವುದಕ್ಕಾಗಿಯೇ.

ಹೊಸ ಸಾಲಿಗೆ ಫೇಸು ಮಾತ್ರ ಸಾಲದು. ಅದರ ನ್ಯೂಟ್ರಲ್ಲು, ಅದರ ಅರ್ಥಿಂಗು ಎರಡಕ್ಕೂ ಪೆಟ್ಟಿಗೆಯ ಪಟ್ಟಿಗಳಲ್ಲಿ ಪ್ರತ್ಯೇಕವಾದ ತೂತಿರಬೇಕು. ನೆಲಕ್ಕೆ ಸೋರುವ ವಿದ್ಯುತ್ತನ್ನು ಕಂಡುಹಿಡಿದು 30 ಮಿಲಿಆಂಪಿಯರಿನಲ್ಲಿಯೇ ಬಿಡಿಸುವ ಆರ್.ಸಿ.ಸಿ.ಬಿ. ಇರುವ ಮನೆಯಲ್ಲಿ, ಹೊಸ ಸಾಲಿನ ಫೇಸನ್ನು ಅದರ ಒಳಗಿನಿಂದ ತೆಗೆದು ನ್ಯೂಟ್ರಲ್ಲನ್ನು ಹೊರಗಿನ ಪಟ್ಟಿಗೆ ಕಟ್ಟಿದರೆ, ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ಕೂಡದೆ ಅದು ಪದೇಪದೇ ಬೀಳುವುದು. ಆಗ ಬೇಸತ್ತು ಆರ್.ಸಿ.ಸಿ.ಬಿ.ಯನ್ನೇ ತೆಗೆಸಿಹಾಕುವವರುಂಟು! ಜೀವವುಳಿಸುವ ಉಪಕರಣವು ಒಬ್ಬ ಕೆಲಸಗಾರನ ಅಜಾಗರೂಕತೆಯಿಂದ ಕಸದ ಬುಟ್ಟಿಗೆ ಬೀಳುವುದಕ್ಕಿಂತ ವಿಷಾದಕರವಾದುದು ಯಾವುದು?

ಎಲ್ಲ ಗುಂಡಿಗಳ ಆಂಪಿಯರುಗಳನ್ನು ಕೂಡಿಸಿದರೆ ಮುಖ್ಯ ಸ್ವಿಚ್ಚಿನ ಅಂಕವನ್ನು ಮೀರುವುದು ಸಾಮಾನ್ಯ. ಅದು ದೋಷವಲ್ಲ, ಎಲ್ಲವೂ ಒಮ್ಮೆಗೇ ಉರಿಯುವುದಿಲ್ಲವೆಂಬ ನಂಬಿಕೆಯ ಮೇಲೆ ಮಾಡಿದ ಏರ್ಪಾಡು. ಆದರೆ ನಂಬಿಕೆಗೂ ಎಲ್ಲೆಯಿದೆ. ಎರಡು ಕಿಲೋವಾಟಿನ ಮಂಜೂರಾತಿ ಪಡೆದ ಮನೆಗೆ 230 ವೋಲ್ಟಿನಲ್ಲಿ ಸಲ್ಲುವುದು ಒಂಬತ್ತು ಆಂಪಿಯರಿಗೂ ಕಡಮೆ. ಎರಡು ಸಾವಿರ ವಾಟಿನ ಒಂದು ಗೀಸರು ಅಷ್ಟನ್ನೂ ತಾನೊಂದೇ ಕುಡಿದುಬಿಡುವುದು. ಪೆಟ್ಟಿಗೆಯಲ್ಲಿ ಐದು ತೆರಪುಗಳಿದ್ದರೂ, ಮೆಸ್ಕಾಂ ಕಚೇರಿಯಲ್ಲಿ ಮಂಜೂರಾತಿಯನ್ನು ಏರಿಸಿಕೊಳ್ಳದೆ ಅವು ಖಾಲಿಯಲ್ಲ. ಅದರಾಚೆಗೆ ಊರಿನ ಪರಿವರ್ತಕವಿದೆ, ಕಾಡಿನ ನಡುವೆ ಹಾದುಬರುವ ಉದ್ದನೆಯ ತಂತಿಯಿದೆ. ಸಾಲಿನ ಕೊನೆಯ ಮನೆಯಲ್ಲಿ ಸಂಜೆ ಪಂಪು ತಿರುಗಲಾರದೆ ಗೊರಗೊರವೆನ್ನುವುದನ್ನು ಈ ಸೀಮೆಯವರು ಚೆನ್ನಾಗಿ ಬಲ್ಲರು.

ಕೊಲ್ಲಮೊಗ್ರಿನಂತಹ ಊರಿಗೆ ವಿಶೇಷವಾದ ಇನ್ನೊಂದು ಅಪಾಯವು ಈ ತೆರಪಿನಲ್ಲಿ ಅಡಗಿದೆ. ಆಟಿ ತಿಂಗಳಿನ ಜಡಿಮಳೆಯಲ್ಲಿ ಮರಗಳು ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದು ಘಟ್ಟದಡಿಯವರಿಗೆ ಹೊಸತಲ್ಲ. 2022ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕಗಳ ಕಡೆ ಗುಡ್ಡ ಜರಿದು ಹೊಳೆಗಳು ಉಕ್ಕಿ ರಸ್ತೆ ಸೇತುವೆಗಳೇ ಕೊಚ್ಚಿಹೋದುವು. ಮಳೆಯು ಕರೆಂಟನ್ನು ಒಯ್ಯುವ ಹೊತ್ತಿನಲ್ಲಿಯೇ ತೋಡಿನಲ್ಲಿ ನೀರು ತುಂಬಿರುವುದು. ಇದನ್ನು ಕಂಡ ಸುಳ್ಯದ ಘಟ್ಟದಂಚಿನ ಕೃಷಿಕರು ಕೆಲವರು ತಮ್ಮ ತೋಟದಲ್ಲಿಯೇ ಸಣ್ಣ ಟರ್ಬೈನುಗಳನ್ನು ಇಟ್ಟುಕೊಂಡಿರುವುದು ಪ್ರಶಂಸಾರ್ಹ. ಸೆಕೆಂಡಿಗೆ ಹತ್ತು ಲೀಟರು ನೀರು ಇಪ್ಪತ್ತು ಮೀಟರು ಎತ್ತರದಿಂದ ಕೊಳವೆಯಲ್ಲಿ ಇಳಿದರೆ ಅದರೊಳಗಿನ ಶಕ್ತಿಯು ಸುಮಾರು 1960 ವಾಟು. ಅರ್ಧವು ಸವೆದುಹೋದರೂ ಒಂದು ಕಿಲೋವಾಟಿನಷ್ಟು ಕೈಗೆ ಬರುವುದು. ಮನೆಯ ದೀಪಗಳಿಗೂ ಫ್ಯಾನಿಗೂ ಟೆಲಿವಿಷನ್ನಿಗೂ ಅದು ಧಾರಾಳ. 1902ರಲ್ಲಿ ಕಾವೇರಿಯು ಮಾಡಿದುದನ್ನೇ ತೋಡಿನ ನೀರು ಇಲ್ಲಿ ಮಾಡುವುದು.

ಆದರೆ ಆ ವಿದ್ಯುತ್ತನ್ನು ಮನೆಯೊಳಕ್ಕೆ ತರುವ ಹಾದಿ ಯಾವುದು? ಪೆಟ್ಟಿಗೆಯಲ್ಲಿ ತೆರಪಿದೆ, ಅಲ್ಲಿಗೆ ಟರ್ಬೈನಿನ ಅಥವಾ ಜನರೇಟರಿನ ತಂತಿಯನ್ನು ಕೊಟ್ಟುಬಿಟ್ಟರೆ ಮನೆಯೆಲ್ಲ ಬೆಳಗುವುದೆಂಬ ಯೋಚನೆಯು ಬಹು ಸುಲಭವಾಗಿ ಹೊಳೆಯುವಂತಹುದು. ಮನೆಯು ಬೆಳಗುವುದೇನೋ ನಿಜ. ಆದರೆ ತೆರಪಿರುವುದು ಹೊರಹೋಗುವ ಸಾಲಿಗೆ. ಅದರಿಂದ ಒಳಬಂದ ವಿದ್ಯುತ್ತು ಮುಖ್ಯ ಸ್ವಿಚ್ಚು ತೆರೆದಿದ್ದಲ್ಲದೆ ಮನೆಯಲ್ಲಿಯೇ ನಿಲ್ಲುವುದಿಲ್ಲ. ಮೀಟರನ್ನು ದಾಟಿ ಕಂಬವನ್ನೇರಿ ಪರಿವರ್ತಕವನ್ನು ಹಿಂಬಾಗಿಲಿನಿಂದ ಹೊಗುವುದು. ಹನ್ನೊಂದು ಸಾವಿರ ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಆ ಯಂತ್ರವು ಮನೆಯ ವೋಲ್ಟನ್ನು ಅಷ್ಟೇ ನಿಷ್ಠೆಯಿಂದ ಹನ್ನೊಂದು ಸಾವಿರಕ್ಕೆ ಏರಿಸಿಕೊಡುವುದು. ಊರಿನ ಹೊರೆಯೆಲ್ಲ ಬಿದ್ದು ಸಣ್ಣ ಟರ್ಬೈನು ಸೋತು ನಿಲ್ಲುವುದೆಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ತಂತಿಯು ಮನೆಯ ಹತ್ತಿರದಲ್ಲಿಯೇ ಕಡಿದುಬಿದ್ದಿದ್ದರೆ ಆ ಹೊರೆಯೇ ಇರುವುದಿಲ್ಲವೆಂಬುದನ್ನು ಅವರು ಯೋಚಿಸಿದಂತಿಲ್ಲ.

ಮುಖ್ಯ ಸ್ವಿಚ್ಚನ್ನು ನೆನಪಿನಿಂದ ಇಳಿಸಿಟ್ಟುಕೊಂಡರೆ ಸಾಕೆಂಬ ವಾದವೂ ನಿಲ್ಲತಕ್ಕುದಲ್ಲ. ಕತ್ತಲೆಯಲ್ಲಿ, ಅವಸರದಲ್ಲಿ, ಮನೆಯ ಹುಡುಗನೊಬ್ಬನು ಅದನ್ನು ಏರಿಸದೆ ಇರುವನೆಂದು ಹೇಳುವವರಾರು? ಇದಕ್ಕೆ ಚೇಂಜ್‌ಓವರ್ ಸ್ವಿಚ್ಚೆಂಬ ಉಪಕರಣವಿದೆ. ಅದರ ಹಿಡಿಯು ಒಂದೋ ಮೆಸ್ಕಾಂ ಕಡೆಗೆ, ಇಲ್ಲವೇ ಮನೆಯ ಟರ್ಬೈನಿನ ಕಡೆಗೆ ನಿಲ್ಲುವುದಲ್ಲದೆ ಎರಡನ್ನೂ ಒಮ್ಮೆಗೆ ಮುಟ್ಟಲಾರದು. ಮೀಟರಿಗೂ ಡಿ.ಬಿ.ಗೂ ನಡುವೆ, ಫೇಸು ನ್ಯೂಟ್ರಲ್ಲುಗಳೆರಡನ್ನೂ ಬದಲಿಸುವಂತೆ ಅದನ್ನು ಇಡತಕ್ಕುದು. ಇನ್ವರ್ಟರಿನ ಸಾಲುಗಳಿಗಾದರೋ ಬೇರೆ ಪೆಟ್ಟಿಗೆಯೊಂದನ್ನಿಟ್ಟು, ಅವುಗಳ ನ್ಯೂಟ್ರಲ್ಲನ್ನು ಇತರ ಸಾಲುಗಳೊಡನೆ ಬೆರೆಸದಿರುವುದು ಲೇಸು.

ತುಂಬದೆ ಉಳಿದ ತೆರಪಿನ ವಿಷಯದಲ್ಲಿಯೂ ಉದಾಸೀನವು ಸಲ್ಲದು. ಅದರ ಹಿಂದೆ ತಾಮ್ರದ ಪಟ್ಟಿಯ ಹಲ್ಲೊಂದು ಬೆತ್ತಲೆಯಾಗಿ, ಜೀವಂತವಾಗಿ ಇರಬಹುದು. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಪ್ಲಾಸ್ಟಿಕ್ಕಿನ ಮುಚ್ಚಳಪಟ್ಟಿಯನ್ನು ಹಾಕದೆ ಬಿಟ್ಟರೆ ಮಗುವಿನ ಬೆರಳು ಒಳಹೋಗುವುದು. ಬೆರಳು ಹೋಗದಿದ್ದರೆ ಹಲ್ಲಿ ಹೋಗುವುದು. ಘಟ್ಟದಡಿಯ ಥಂಡಿಯಲ್ಲಿ ಬೆಚ್ಚಗಿನ ಸ್ಥಳವನ್ನರಸುವ ಇರುವೆಗಳಿಗೂ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಈ ಪೆಟ್ಟಿಗೆಗಿಂತ ಒಳ್ಳೆಯ ಮನೆ ಬೇರಿಲ್ಲ.

ಕಂಬವನ್ನೇರುವುದಕ್ಕೆ ಮುಂಚೆ ಸಾಲನ್ನು ಬಿಡಿಸಿ, ಪರೀಕ್ಷಿಸಿ, ತಂತಿಗಳನ್ನು ಅರ್ಥಿಂಗಿನ ಕೋಲಿನಿಂದ ನೆಲಕ್ಕೆ ಬೆಸೆದುಕೊಳ್ಳಬೇಕೆಂಬ ಕಟ್ಟಳೆಯು ಪವರ್‌ಮ್ಯಾನ್‌ಗಳಿಗೆ ಉಂಟು. ಸುರಿವ ಮಳೆಯಲ್ಲಿ, ಜಾರುವ ಗುಡ್ಡದಲ್ಲಿ, ಟಾರ್ಚಿನ ಬೆಳಕಿನಲ್ಲಿ, ಮನೆಮನೆಯಿಂದಲೂ ಕರೆಂಟು ಎಂದು ಬರುವುದೆಂಬ ಫೋನಿನ ಕರೆಗಳ ನಡುವೆ ಅವರು ಆ ಕೆಲಸವನ್ನು ಮಾಡುತ್ತಾರೆ. ಕೆಳಗಿನ ತೋಟದಲ್ಲಿ ಯಾವ ಟರ್ಬೈನು ತಿರುಗುತ್ತಿದೆ, ಅದರ ತಂತಿಯು ಯಾವ ಜಗಲಿಯ ಪೆಟ್ಟಿಗೆಯ ಎಷ್ಟನೆಯ ತೆರಪನ್ನು ಹೊಕ್ಕಿದೆ ಎಂಬುದು ಕಂಬದ ಮೇಲಿರುವವನಿಗೆ ಕಾಣುವುದಿಲ್ಲ.